ತಗೊಳ್ಳದ ದೇವರು

ಬಂಡಮ್ಮ ಶಿಲುಬೆಯ ಮುಂದೆ ಇಟ್ಟ ತೆಂಗಿನಕಾಯಿಯನ್ನೂ ಕಮಲಾಪುರದ ಕೆಂಪು ಬಾಳೆಹಣ್ಣನ್ನೂ ಪಾದ್ರಿಗಳು ಎತ್ತಿ ಮೆಲ್ಲಗೆ ಅವಳ ಕೈಗೇ ಕೊಟ್ಟರು.

“ಇಲ್ಲಿ ಕಾಯಿ ಒಡಿಯಂಗಿಲ್ರಿ ಅವ್ವಾ. ಹರಕೀನೂ ಬ್ಯಾಡ. ಯೇಸುಸ್ವಾಮಿ ನಮ್ಮ ಸಲುವಾಗಿ ತನ್ನ ಜೀವಾನೇ ಕೊಟ್ಟಾನ. ನಿಮಗ ಬೇಕಾದ್ದು ಬರೇ ಕೇಳ್ರಿ, ಸಾಕು.”

ಬಂಡಮ್ಮನಿಗೆ ದಿಕ್ಕು ತೋಚಲಿಲ್ಲ. ಹೆರಿಗೆಗೆಂದು ಕಲಬುರಗಿಯ ದವಾಖಾನೆ ಸೇರಿದ ಮಗಳು ನಾಲ್ಕು ದಿನದಿಂದ ಕಣ್ಣು ತೆರೆದಿರಲಿಲ್ಲ. ದೇವರ ಮೇಲೆ ಭಾರ ಹಾಕಿ ಎಂದು ಡಾಕ್ಟರು ಕೈಚೆಲ್ಲಿದ್ದರು. ಶರಣಬಸಪ್ಪನ ಗುಡಿಗೆ ದಾರಿಯುದ್ದಕ್ಕೂ ಅಡ್ಡಬೀಳುತ್ತ ಹೋಗುವ ದೀಡ ನಮಸ್ಕಾರ, ಬಂದೇನವಾಜರ ದರ್ಗಾಕ್ಕೆ ಚಾದರ ಎಂದು ಅವಳು ಬೇಡಿಕೊಂಡು ಬಂದಿದ್ದಳು. ಅಲ್ಲೆಲ್ಲ ತಾನು ಮಾಡುವಂಥದ್ದು ಏನಾದರೂ ಇತ್ತು.

“ಏನೂ ತಗೊಳ್ಳಂಗಿಲ್ಲಂದ್ರ ನನ್ನ ಮಾತು ಯಾಕ ಕೇಳ್ತಾನ್ರೀ?” ಅವಳು ಕಾಯಿಯನ್ನು ಮತ್ತೆ ಮುಂದೆ ಚಾಚಿದಳು. “ಮತ್ತೇನರ ಹೇಳ್ರಿ. ಉಪವಾಸ ಇರ್ತೀನಿ. ತಲಿಗೂದಲಾ ಕೊಡ್ತೀನಿ.”

ಪಾದ್ರಿಗಳು ಅವಳ ಪಕ್ಕದಲ್ಲಿ ಮೊಣಕಾಲೂರಿದರು. ಬಂಡಮ್ಮನೂ ಕಾಯಿ, ಹಣ್ಣು ಪಕ್ಕಕ್ಕಿಟ್ಟು ಕೂತಳು. ಏನನ್ನೂ ಕೊಡದೆ ಕೇಳುವುದು ಹೇಗೆಂದು ತಿಳಿಯದೆ ಶಿಲುಬೆಯನ್ನೇ ನೋಡಿದಳು. ಕೊನೆಗೆ ಬಾಯಿ ತೆರೆದಾಗ ಒಂದೇ ಮಾತು ಹೊರಬಂತು:

“ಯಪ್ಪಾ, ನನ್ನ ಕೈಲೆ ಏನೂ ಆಗವಲ್ದು.”