ದೇರಣ್ಣನ ತರಕಾರಿ ಭಾಷೆ

ಡಾಕ್ಟರ್ ಯೂನಿಸ್ ಮೇಜಿನ ಮೇಲಿಟ್ಟ ಮೊದಲ ಫೋಟೋದಲ್ಲಿ ಬಿಳಿಯ ಹುಡುಗನೊಬ್ಬ ಹಲ್ಲು ಬಿಟ್ಟು ನಗುತ್ತಿದ್ದ. "ಇಂಥವರಿಗೆ ನಿಮ್ಮ ಮನೆಯಲ್ಲಿ ಏನನ್ನುತ್ತಾರೆ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಮೂಲಂಗಿ!" ಎಂದಳು ಆರು ವರ್ಷದ ಪ್ರಜ್ಞಾ.

ಚಹಾ ತರುತ್ತಿದ್ದ ವಸಂತಿ ಲಗುಬಗೆಯಿಂದ ಬಂದು ಮಗಳ ಪಕ್ಕ ಕೂತಳು. ಮಕ್ಕಳೆದುರು ಜನರ ಬಣ್ಣದ ಮಾತು ಹೇಗೆ ನಡೆಯುತ್ತದೆಂದು ತಿಳಿಯಲು ಸ್ಕಾರ್‌ಬರೋದ ವಲಸಿಗರ ಮನೆಮನೆ ಸುತ್ತುತ್ತಿದ್ದ ಈ ಜಮೈಕಾ ಮೂಲದ ಕಪ್ಪು ಮನಶ್ಶಾಸ್ತ್ರಜ್ಞೆಯನ್ನು ಕಳಿಸಿದ್ದು ಮಗಳ ಶಾಲೆಯ ಪ್ರಿನ್ಸಿಪಾಲರು. ಅದೇ ಶಾಲೆಯಲ್ಲಿ ಸಹಾಯಕಿಯ ಕೆಲಸಕ್ಕೆ ಅರ್ಜಿ ಹಾಕಿದ ವಸಂತಿ ಮೂರು ತಿಂಗಳಿಂದ ಕರೆ ಬಂದಿತ್ತೇ ಎಂದು ಫೋನಿನ ಆನ್ಸರಿಂಗ್ ಮಶೀನು ಒತ್ತಿ ಒತ್ತಿ ನೋಡುತ್ತಿದ್ದಳು. ಡಾಕ್ಟರಮ್ಮನ ಒಂದು ಮಾತಿಗೆ ಆ ಕೆಲಸ ಬಂದರೂ ಬಂದೀತು, ಹೋದರೂ ಹೋದೀತು.

ತರಕಾರಿ ಭಾಷೆ ಗಂಡ ದೇರಣ್ಣನದು. ಬ್ಲ್ಯಾಕ್, ವೈಟ್ ಎಂದರೆ ಬಸ್ಸಿನಲ್ಲಿ ಪಕ್ಕದವರಿಗೆ ತಿಳಿಯುತ್ತದಲ್ಲ! ಅದಕ್ಕೇ ಬಿಳಿಯರಿಗೆ ಮೂಲಂಗಿ, ಕರಿಯರಿಗೆ ಬದನೆ ಎಂದು ನಾಮಕರಣ ಮಾಡಿದ ಮಹಾನುಭಾವ ಈಗ ಫ್ಯಾಕ್ಟರಿಯ ಶಿಫ್ಟಲ್ಲಿ ಹಾಯಾಗಿದ್ದ.

"ಮೂಲಂಗಿ ಅಂದರೆ?" ಡಾಕ್ಟರು ಪೆನ್ನು ಎತ್ತಿಕೊಂಡರು.

"ಅದಾ? ನಮ್ಮ ಭಾಷೆಯಲ್ಲಿ ಸ್ನೇಹಿತ ಅಂತ," ಎಂದ ವಸಂತಿ ಮಗಳ ತಲೆ ಸವರುತ್ತಾ, ಮುಖದ ತುಂಬ ನಗು ಇಟ್ಟುಕೊಂಡೇ ಕನ್ನಡದಲ್ಲಿ ಗದರಿದಳು: "ಬಾಯಿ ಮುಚ್ಚಿ ಕೂತ್ಕೊ ಮಾರಾಯ್ತಿ! ಎಂತ ನಿಂದು ಅಧಿಕಪ್ರಸಂಗ?"

ಎರಡನೆಯ ಫೋಟೋದಲ್ಲಿ ಸಣ್ಣ ಸಣ್ಣ ಜಡೆಗಳ ಕಪ್ಪು ಹುಡುಗಿ. ಪ್ರಜ್ಞಾಳ ಬಾಯಿ ಮುಚ್ಚಲಿಲ್ಲ. "ಬದನೆ!"

"ಪ್ರಾಣಸ್ನೇಹಿತೆ," ಎಂದು ಡಾಕ್ಟರು ಕೇಳುವ ಮೊದಲೇ ವಸಂತಿ ಹೇಳಿಬಿಟ್ಟಳು.

ಡಾಕ್ಟರ ಮುಖ ಅರಳಿತು. "ಹನ್ನೆರಡು ವರ್ಷದಿಂದ ಮನೆಮನೆ ಸುತ್ತುತ್ತಿದ್ದೇನೆ, ಇಷ್ಟು ಚೆಂದದ ಮಾತು ಕೇಳಿರಲಿಲ್ಲ. ಇದನ್ನು ಪ್ರಿನ್ಸಿಪಾಲರಿಗೆ ಹೇಳಲೇಬೇಕು."

ಕೆಲಸ ಸಿಕ್ಕೇಬಿಟ್ಟಿತೆಂದು ವಸಂತಿಗೆ ಕುಣಿಯುವಷ್ಟು ಖುಷಿಯಾಯಿತು. ಅದರ ಬೆನ್ನಿಗೇ, ಆ ಹೆಂಗಸಿನ ಕಣ್ಣಂಚಿನಲ್ಲಿ ನೀರು ಕಂಡು, ಭೂಮಿಗಿಳಿದು ಹೋಗುವಷ್ಟು ನಾಚಿಕೆಯೂ ಆಯಿತು. ಚಹಾ ತಣ್ಣಗಾಗುತ್ತದೆ, ಕುಡಿಯಿರಿ ಎಂದು ಒತ್ತಾಯ ಮಾಡಿದಳು.

ಡಾಕ್ಟರು ಚಹಾದ ಕಪ್ ಕೆಳಗಿಟ್ಟು ಹುಡುಗಿಯತ್ತ ಬಾಗಿದರು. "ಹಾಗಾದರೆ ನಾನು ನಿನ್ನ ಬದನೆಯೋ?"

"ಯೆಸ್!"

"ಮತ್ತೆ ಅಮ್ಮ? ಅಮ್ಮನೂ ಬದನೆಯೇ?"

ಪ್ರಜ್ಞಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ನೋ! ಅಮ್ಮ ಈಸ್ ನಾಟ್ ಎ ವೆಜಿಟೆಬಲ್. ಅಮ್ಮ ಈಸ್ ಪೀಪಲ್."