ಬೇಡ ಎಂದದ್ದು ಲೋಟಕ್ಕೆ

“ನಂಗೆ ಬ್ಯಾಡ,” ಎಂದು ಬಾಲಾಜಿ ಅಂಗೈ ಅಡ್ಡ ಹಿಡಿದ. ಕಿತ್ತಳೆ ಬಣ್ಣದ ಕೂಲ್‌ಡ್ರಿಂಕ್ಸ್ ಲೋಟಗಳ ತಟ್ಟೆ ಹಿಡಿದು ಎದುರಿಗೆ ನಿಂತಿದ್ದ ಮಂಗಳಾ ಥಟ್ಟನೆ ತಲೆಯೆತ್ತಿದಳು. ಗಂಡಿನವರು ಬಂದು ಅಷ್ಟು ಹೊತ್ತಾಗಿದ್ದರೂ ಅವಳು ಹುಡುಗನ ಮುಖ ನೋಡಿದ್ದು ಆಗಲೇ.

ನಡುಮನೆಯಲ್ಲಿದ್ದವರೆಲ್ಲ ಅವನತ್ತ ತಿರುಗಿದರು. ಹೆಣ್ಣು ನೋಡಲು ಬಂದವನು ಹುಡುಗಿ ಕೈಯಿಂದ ಬಂದದ್ದನ್ನು ಮುಟ್ಟದಿದ್ದರೆ ಗುಮ್ಮಳಾಪುರದಲ್ಲಿ ಅದಕ್ಕೆ ಒಂದೇ ಅರ್ಥ. ಮಂಗಳಾಳ ತಂದೆ ಲಕ್ಷ್ಮಣಪ್ಪ ಬೆಳಿಗ್ಗೆಯೇ ತಳಿ ಪೇಟೆಗೆ ಹೋಗಿ, ತಣ್ಣಗಿರಲೆಂದು ಒದ್ದೆ ಗೋಣಿಚೀಲ ಸುತ್ತಿಕೊಂಡು ಕೂಲ್‌ಡ್ರಿಂಕ್ಸಿನ ದೊಡ್ಡ ಬಾಟಲಿಗಳನ್ನು ಗಾಡಿಯಲ್ಲಿ ತಂದಿದ್ದರು. ಈಗ ಮುಖದ ಮೇಲೆ ನಗು ತಂದುಕೊಂಡು, “ತಗೊಳ್ಳಪ್ಪ, ಕಲರ್ ಸೋಡಾ ತಾನೆ. ಶಾಸ್ತ್ರಕ್ಕೆ ಒಂದು ಗುಟುಕು,” ಎಂದರು.

“ನೀರು ಕೊಟ್ರೆ ಸಾಕು.”

ಪಕ್ಕದಲ್ಲಿ ಕುಳಿತಿದ್ದ ತಾಯಿ ಮುನಿರತ್ನಮ್ಮ ಮಗನ ತೊಡೆ ಚಿವುಟಿದರು. “ಕುಡಿ ಕಣ್ಲಾ. ಅವ್ರು ಏನಂದ್ಕೊಂಡಾರು?”

ಬಾಲಾಜಿ ಲೋಟದ ಕಡೆ ನೋಡಿದ. ಹೊಸೂರಿನ ಕಾರ್ಖಾನೆಗೆ ಸೇರಿದಾಗಿನಿಂದ ಊಟಕ್ಕೊಂದು, ಬ್ರೇಕಿಗೊಂದು, ಓವರ್‌ಟೈಮ್ ಮಾಡಿದರೆ ಮತ್ತೊಂದು ಅಂತ ಇಂಥದೇ ಬಾಟಲಿ ಖಾಲಿ ಮಾಡುತ್ತಿದ್ದವನು ಅವನು. ಯುಗಾದಿಗೆ ಮುಂಚೆ ಕಂಪನಿಯಲ್ಲಿ ರಕ್ತಪರೀಕ್ಷೆ ನಡೆದಾಗ ಡಾಕ್ಟರಮ್ಮ, “ಸಕ್ಕರೆ ಗಡಿಗೆ ಬಂದು ನಿಂತಿದೆ. ಈಗ ಬಿಟ್ಟರೆ ಹಿಂದಕ್ಕೆ ಹೋಗಬಹುದು,” ಎಂದಿದ್ದರು. ಬಹಳ ಕಷ್ಟಪಟ್ಟು ಬಿಟ್ಟಿದ್ದ. ಒಂದು ಗುಟುಕಿನಲ್ಲಿ ನಿಲ್ಲಿಸುವ ಜಾತಿ ತಾನಲ್ಲ ಎಂಬುದು ಅವನಿಗೆ ಗೊತ್ತಿತ್ತು. ಆದರೆ ಕಾರಣ ಹೇಳಿದರೆ ಸಂಜೆಯೊಳಗೆ ಹುಡುಗನಿಗೆ ಕಾಯಿಲೆಯಂತೆ ಎಂದು ಊರೆಲ್ಲ ಆಡಿಕೊಳ್ಳುತ್ತದೆ. ಹೇಳದಿದ್ದರೆ? ಮಂಗಳಾಳ ಮುಖ ಆಗಲೇ ಕೆಂಪೇರಿತ್ತು.

“ನಾನು ಹುಡುಗೀನ ಬ್ಯಾಡ ಅನ್ಲಿಲ್ಲ, ಲೋಟ ಬ್ಯಾಡ ಅಂದೆ,” ಎಂದ ಅವಸರದಲ್ಲಿ. “ಇದ್ನ ಕುಡ್ದೂ ಕುಡ್ದೂ ರಕ್ತದಾಗೆ ಸಕ್ಕರೆ ಏರ್ತಾ ಐತಂತೆ.”

ಲಕ್ಷ್ಮಣಪ್ಪನವರ ನಗು ಮಾಯವಾಯಿತು. “ಈ ವಯಸ್ಸಿಗೇ ಶುಗರ್ರಾ?”

“ಶುಗರ್ ಇಲ್ಲ ಮಾವ! ಹಿಂಗೇ ಕುಡೀತಾ ಇದ್ರೆ ಬತ್ತದೆ ಅಂದ್ರು. ಅದಕ್ಕೇ ಬಿಟ್ಟೆ.”

ಒಪ್ಪಿಗೆಗೂ ಮೊದಲೇ ‘ಮಾವ’ ಎಂದುಬಿಟ್ಟದ್ದು ಅವನಿಗೆ ತಿಳಿದದ್ದು ಅಡುಗೆಮನೆಯಲ್ಲಿ ಹೆಂಗಸರು ಕಿಸಕ್ಕೆಂದು ನಕ್ಕ ಮೇಲೆ. ಮುನಿರತ್ನಮ್ಮ ಮಾತ್ರ ನಗಲಿಲ್ಲ. “ನಂಗ್ಯಾಕೆ ಹೇಳ್ಲಿಲ್ಲ?” ಎಂದರು ಸಣ್ಣ ದನಿಯಲ್ಲಿ. “ನೀನು ಅಳ್ತೀಯ ಅಂತ,” ಎಂದ ಬಾಲಾಜಿ.

ಮಂಗಳಾ ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಒಳಗೆ ಹೋಗಬೇಕಿದ್ದವಳು ಹೋಗಲಿಲ್ಲ.

“ಹೆಂಗೆ ಬಿಟ್ರಿ?”

“ಆಂ?”

“ನಮ್ಮ ರೋಜಾ ಹೂವಿನ ಕಂಪ್ನೀಲಿ ಮಧ್ಯಾಹ್ನ ಪ್ಯಾಕಿಂಗ್‌ಗೆ ನಿಂತ್ರೆ ಹುಡ್ಗೀರಿಗೆಲ್ಲ ಆ ಕಪ್ಪು ಬಾಟ್ಲು ಬೇಕೇ ಬೇಕು. ನಾನೂ ಬಿಡೋಕೆ ನೋಡ್ದೆ, ಆಗ್ಲೇ ಇಲ್ಲ. ಅದಕ್ಕೇ ಕೇಳ್ದೆ.”

“ಮಂಗಳಾ!” ಎಂದು ಲಕ್ಷ್ಮಣಪ್ಪ ಗದರಿದರು. ಅವಳು ಕದಲಲಿಲ್ಲ.

ಬಾಲಾಜಿಯ ಬೆನ್ನು ನೆಟ್ಟಗಾಯಿತು. ಅಲ್ಲಿಯವರೆಗೆ ಸಂಬಳ, ಜಮೀನು, ಬೋರ್‌ವೆಲ್ ಎಂದು ಕೇಳಿದ್ದಕ್ಕೆಲ್ಲ ಒಂದೊಂದೇ ಪದ ಹೇಳುತ್ತಿದ್ದವನು ಈಗ ಮಾತಿಗೆ ಬಿದ್ದ. “ಒಂದೇ ಏಟಿಗೆ ಬಿಡೋಕೆ ಹೋಗಿ ನಾನೂ ಕೆಟ್ಟೆ. ಆಮ್ಯಾಕೆ ಒಂದು ಬಾಟ್ಲು ತಗೊಂಡು ನಾನೂ ನನ್ ಫ್ರೆಂಡು ನರೇಶನೂ ಹಂಚ್ಕೊಂಡ್ವಿ. ಆಮ್ಯಾಕೆ ದಿನ ಬಿಟ್ಟು ದಿನ. ಕುಡೀಬೇಕು ಅನ್ನಿಸ್ದಾಗ ಕೈಗೆ ಏನಾದ್ರೂ ಸಿಕ್ಬೇಕು, ಅದೇ ಮುಖ್ಯ. ಉಪ್ಪು, ನಿಂಬೆಹಣ್ಣು ಹಾಕಿ ನೀರುಮಜ್ಜಿಗೆ ತಗೊಂಡೋಗ್ತಿದ್ದೆ. ಕಾರ್ಖಾನೆ ಲೈನಲ್ಲಿ ಎಲ್ರೂ ತಾತ, ತಾತ ಅಂತ ರೇಗ್ಸೋರು.”

“ಈಗ?”

“ಈಗ ಅವ್ರೇ ಬತ್ತಾರೆ, ತಾತ, ಒಂದು ಗುಟುಕು ಕೊಡು ಅಂತ.”

ಮಂಗಳಾ ನಕ್ಕಳು. ಹೆಣ್ಣು ನೋಡುವ ದಿನ ಹುಡುಗಿಯರು ನಗಬೇಕಾದ ನಗುವಲ್ಲ ಅದು. ಬೀದಿಗೆ ಕೇಳಿಸುವಂಥ ನಗು. ಒಳಗೆ ಹೋಗಿ ಒಂದು ಚೊಂಬು ನೀರು ತಂದು ಅವನ ಮುಂದಿಟ್ಟಳು. ಬಾಲಾಜಿ ಅದನ್ನು ಎತ್ತಿ ಗಟಗಟ ಕುಡಿದು ಮುಗಿಸಿದ.

ಆದರೂ ಹೊರಡುವಾಗ ಲಕ್ಷ್ಮಣಪ್ಪ, “ಮಾತಾಡ್ಕೊಂಡು ಹೇಳಿ ಕಳಿಸ್ತೀವಿ,” ಎಂದಷ್ಟೇ ಹೇಳಿದರು. ಡೆಂಕಣಿಕೋಟೆ ಬಸ್ಸಿನಲ್ಲಿ ಮುನಿರತ್ನಮ್ಮ ಮಗನ ಕೈ ಹಿಡಿದುಕೊಂಡೇ ಕುಳಿತಿದ್ದರು. “ಆಸೆ ಇಟ್ಕೋಬ್ಯಾಡ ಕಣ್ಲಾ. ಕಾಯಿಲೆ ಮಾತು ಕಿವಿಗೆ ಬಿದ್ಮೇಲೆ ಯಾರು ಹೆಣ್ಣು ಕೊಡ್ತಾರೆ?” ಬಾಲಾಜಿ ಕಿಟಕಿಯಾಚೆ ನೋಡುತ್ತಿದ್ದ. ಆ ನಗು ಇನ್ನೂ ಅವನ ಕಿವಿಯಲ್ಲಿತ್ತು.

ನಾಲ್ಕಾರು ದಿನ ಯಾವ ಸುದ್ದಿಯೂ ಇಲ್ಲ. ಒಂದು ಸಂಜೆ ಅವನು ಶಿಫ್ಟ್ ಮುಗಿಸಿ ಬಂದು ಕೈಕಾಲು ತೊಳೆಯುತ್ತಿದ್ದಾಗ ಫೋನು ಬಡಿದುಕೊಂಡಿತು. ಗೊತ್ತಿಲ್ಲದ ನಂಬರು. ಒದ್ದೆ ಕೈಯಲ್ಲೇ ಕಿವಿಗಿಟ್ಟುಕೊಂಡ ಬಾಲಾಜಿ ಅಂಗಳದಲ್ಲೇ ಹಿಂದೆ ಮುಂದೆ ಓಡಾಡತೊಡಗಿದ. ಮುನಿರತ್ನಮ್ಮ ಬಾಗಿಲಿಗೆ ಬಂದರು.

“ಯಾರ್ಲಾ ಅದು?”

ಅವನು ಫೋನಿಗೆ ಕೈ ಅಡ್ಡ ಹಿಡಿದ. “ಮಂಗಳಾ. ಬಾಟ್ಲು ಬಿಟ್ಟವ್ಳಂತೆ, ತಲೆ ಸಿಡೀತಾ ಐತಂತೆ, ಏನ್ಮಾಡ್ಲಿ ಅಂತ ಕೇಳ್ತಾವ್ಳೆ.”

“ನಿನ್ ನಂಬರು ಅವ್ಳಿಗೆ ಯಾರು ಕೊಟ್ರು?”

“ಅವ್ರಪ್ಪನೇ ಕೊಟ್ಟು, ನನ್ನೇನು ಕೇಳ್ತೀಯ, ಅವನನ್ನೇ ಕೇಳ್ಕೋ ಹೋಗು ಅಂದ್ರಂತೆ.”

ಮುನಿರತ್ನಮ್ಮ ಹೊಸ್ತಿಲ ಮೇಲೆಯೇ ಕುಳಿತುಬಿಟ್ಟರು. “ಹಂಗಾದ್ರೆ ಒಪ್ಪಿದ್ರು ಅಂತಲ್ವೇನ್ಲಾ? ಕೇಳ್ಲಾ!”

“ತಡೀಯಮ್ಮ,” ಎಂದ ಬಾಲಾಜಿ ಫೋನನ್ನು ಮತ್ತೆ ಕಿವಿಗಿಡುತ್ತ. “ಮೊದ್ಲು ತಲೆನೋವು ವಾಸಿ ಆಗ್ಲಿ.”