ಹೆಸರಿನ ಮುಂದಿನ ಮಣ್ಣು

"ಈ ಫೋಟೋದಲ್ಲಿ ನಿಮ್ಮ ಹೆಸರಿನ ಮುಂದೆ ಡಾಕ್ಟರ್ ಎಂದಿದೆ. ನಿಮಗೆ ಈಗಾಗಲೇ ಡಾಕ್ಟರೇಟ್ ಬಂದಿದೆಯೇ? ಇಂದು ನಿಮ್ಮ ಸಮಯ ಮಧ್ಯಾಹ್ನ ಮೂರೂವರೆಗೆ ವಿಡಿಯೊ ಕರೆಯಲ್ಲಿ ಉತ್ತರಿಸಿ." ಬೆಲ್ಜಿಯಂನಿಂದ ಬಂದ ಮೂರೇ ಸಾಲಿನ ಇ-ಮೇಲ್ ಅದು. ಕೆಳಗಿದ್ದ ಫೋಟೋ ನೋಡಿ ಕಲಬುರಗಿಯ ಪ್ರಯೋಗಾಲಯದಲ್ಲಿ ಕುಳಿತಿದ್ದ ಭುವನೇಶ್ವರಿ ದಡಕ್ಕನೆ ಎದ್ದು ನಿಂತಳು. ಕಮಲಾಪುರದ ಬಸ್ ಸ್ಟ್ಯಾಂಡ್ ಎದುರು ಅಪ್ಪ ಕಟ್ಟಿಸಿದ ಫ್ಲೆಕ್ಸ್!

ಬಾಳೆಯ ಸೊರಗು ರೋಗದ ಮೇಲೆ ಐದು ದೇಶಗಳ ವಿಶ್ವವಿದ್ಯಾಲಯಗಳು ಸೇರಿ ಹನ್ನೊಂದು ಮಂದಿಗೆ ಪಿಎಚ್‌ಡಿ ತರಬೇತಿ ಕೊಡುವ ಯೋಜನೆಗೆ ಅವಳು ಆಯ್ಕೆಯಾಗಿದ್ದಳು. ಮೂರು ವರ್ಷದ ಸಂಬಳ, ವಿಮಾನದ ಖರ್ಚು ಎಲ್ಲವೂ ಅವರ ನಿಧಿಯದೇ. ಷರತ್ತು ಒಂದೇ: ಬರುವವರು ಹೊಸಬರಾಗಿರಬೇಕು, ಡಾಕ್ಟರೇಟ್ ಪಡೆದಿರಲೇಬಾರದು. ಪಟ್ಟಿಯಲ್ಲಿ ಅವಳದು ಹನ್ನೊಂದನೆಯ ಹೆಸರು. ಹನ್ನೆರಡನೆಯವರು ಎಲ್ಲೋ ಬಾಗಿಲಲ್ಲೇ ಕಾಯುತ್ತಿದ್ದರು.

"ಅರೆ ಬೇಟಿ, ಇದನ್ನ ಅವರ ತನಕ ಮುಟ್ಟಿಸಿದವರು ಯಾರು?" ಎಂದರು ಅವಳು ಕೆಲಸ ಮಾಡುತ್ತಿದ್ದ ಪ್ರಯೋಗಾಲಯದ ಪ್ರೊಫೆಸರ್ ಖಮರುದ್ದೀನ್.

"ನಮ್ಮ ಓಣಿ ವಿವೇಕಾನಂದ ರೀ ಸರ್. ಖುಷಿಲೆ ಅವರ ಪೇಜಿಗೇ ಟ್ಯಾಗ್ ಮಾಡ್ಯಾನ."

"ಖರೇ ಇದ್ದದ್ದು ಇದ್ದಂಗ ಹೇಳು. ನೀ ಇನ್ನಾ ಪಿಎಚ್‌ಡಿಗೆ ಎಲ್ಲೂ ಸೇರಿಲ್ಲಂತ ನಾ ಪತ್ರ ಕಳಸ್ತೀನಿ. ಮೊದಲ ಹೋಗಿ ಆ ಬೋರ್ಡ್ ಇಳಸು. ಇನ್ನೊಬ್ಬ ಫೋಟೋ ತಗದಾನು!"

ಅಪ್ಪನಿಗೆ ಎಂಟು ಸಲ ಫೋನ್ ಮಾಡಿದಳು. ಗಿರಾಕಿ ಮುಂದಿದ್ದರೆ ಅಣವೀರಪ್ಪ ಫೋನ್ ಎತ್ತುವ ಪೈಕಿ ಅಲ್ಲ. ಕೊನೆಗೆ ತಾನೇ ಊರಿಗೆ ಹೊರಟಳು. ಬಸ್ಸು ನಿಲ್ಲಬೇಕಾದಲ್ಲಿ ನಿಂತಿತು, ನಿಲ್ಲಬಾರದ ಕಡೆಯೂ ನಿಂತಿತು. ಕಮಲಾಪುರದಲ್ಲಿ ಇಳಿದಾಗ ಮೂರು ಗಂಟೆ ಇಪ್ಪತ್ತು ನಿಮಿಷ. ಅಪ್ಪ ತನ್ನ ಕೆಂಪು ಬಾಳೆಹಣ್ಣಿನ ಗಾಡಿಯ ಮೇಲೆ ಪ್ಲಾಸ್ಟಿಕ್ ತಾಡಪತ್ರಿ ಹೊದಿಸುತ್ತಿದ್ದ. ಮಿರಗದ ಮುಂಗಾರು ಮೋಡ ಕವಿಯತೊಡಗಿತ್ತು. ಗಾಡಿಯ ಹಿಂದೆಯೇ ಫ್ಲೆಕ್ಸ್. ಅದರಲ್ಲಿ ಅವಳ ಮುಖ ಒಂದು, ಶುಭ ಕೋರುವವರ ಮುಖ ಹದಿನಾಲ್ಕು. ಎಲ್ಲರಿಗಿಂತ ದೊಡ್ಡದಾಗಿ, ಕನ್ನಡದಲ್ಲೊಮ್ಮೆ, ಅದರ ಕೆಳಗೇ ಇಂಗ್ಲಿಷಿನಲ್ಲೊಮ್ಮೆ, 'ಡಾಕ್ಟರ್'.

"ಅಪ್ಪಾ, ಯಾರನ್ನ ಕೇಳಿ ಡಾಕ್ಟರ್ ಅಂತ ಬರಸೀದಿ?"

"ಕೇಳೂದೇನವ್ವಾ? ಪೊಲೀಸ್ ಪರೀಕ್ಷಿ ಬರದವಗೇ ನಾವು ಸಾಹೇಬ್ರ ಅಂತೀವಿ. ಲಾ ಕಾಲೇಜಿಗೆ ಹೆಸರು ಹಚ್ಚಿದವಗ ವಕೀಲಸಾಬ್ ಅಂತೀವಿ. ನೀ ಡಾಕ್ಟರಕಿ ಓದಾಕ ಹೊಂಟೀದಿ. ಏನು ತಪ್ಪಾಯ್ತು?"

"ಈಗಾಗಲೇ ಡಾಕ್ಟರ್ ಆದವರಿಗೆ ಅವರು ರೊಕ್ಕ ಕೊಡಂಗಿಲ್ಲಪ್ಪಾ! ನನ್ನ ಜಾಗಾ ಬ್ಯಾರೆಯವರಿಗೆ ಹೋಗ್ತದ. ಜಲ್ದಿ ಇಳಸು ಅದನ್ನ."

ಅಣವೀರಪ್ಪನ ಮುಖ ಇಳಿದುಹೋಯಿತು. ಆ ಅಕ್ಷರ ಸಣ್ಣದಾಯಿತೆಂದು ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ಫ್ಲೆಕ್ಸ್ ಅಂಗಡಿಯವನ ಜೊತೆ ಅರ್ಧ ದಿನ ಜಗಳವಾಡಿ ದೊಡ್ಡದು ಮಾಡಿಸಿಕೊಂಡು ಬಂದವನು ಅವನೇ.

"ಇಳಸಿದ್ರ ಹದಿನಾಲ್ಕು ಮಂದಿ ಹಿರೇರನ್ನ ಇಳಸಿದಂಗ ಆಗ್ತದವ್ವಾ. ನಾಳಿಗಿ ಯಾರೂ ನನ್ನ ಮಾತಾಡ್ಸಂಗಿಲ್ಲ," ಎಂದವನೇ ಬಕೆಟ್‌ನ ನೀರಿಗೆ ರಸ್ತೆ ಬದಿಯ ಮಣ್ಣು ಸುರಿದು ಕಲಸತೊಡಗಿದ. ಅಷ್ಟರಲ್ಲಿ ಅವಳ ಕೈಯಲ್ಲಿದ್ದ ಫೋನ್ ಗುಂಯ್‌ಗುಟ್ಟಿತು.

ತೆರೆಯ ಮೇಲೆ ಬೆಲ್ಜಿಯಂನ ನರೆಗೂದಲಿನ ಹೆಂಗಸು. ನಗುವಿಲ್ಲ, ಸಿಟ್ಟೂ ಇಲ್ಲ. ಭುವನೇಶ್ವರಿ ನಡುಗುವ ಇಂಗ್ಲಿಷಿನಲ್ಲಿ ಹೇಳಿದಳು: "ನನಗೆ ಡಾಕ್ಟರೇಟ್ ಬಂದಿಲ್ಲ ಮೇಡಂ. ನಮ್ಮ ಕಡೆ ಓದಲು ಹೊರಟವರನ್ನೇ ಹಾಗೆ ಕರೆದುಬಿಡುತ್ತಾರೆ. ಅದು ನಮ್ಮ ತಂದೆಯ ಖುಷಿ."

"ಆ ಬೋರ್ಡ್ ಈಗಲೂ ಅಲ್ಲೇ ಇದೆಯೇ?"

ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. ಅವಳು ಫೋನ್ ತಿರುಗಿಸಿದಳು. ಅಪ್ಪ ಗಾಡಿಯ ಅಂಚಿನ ಮೇಲೆ ಹತ್ತಿ ನಿಂತು 'ಡಾಕ್ಟರ್' ಮೇಲೆ ಮಣ್ಣು ಮೆತ್ತುತ್ತಿದ್ದ. ಫೋನ್ ಕಂಡದ್ದೇ ಕೆಳಗಿಳಿದು, ಮಣ್ಣಿನ ಕೈ ಎರಡೂ ಜೋಡಿಸಿದ.

"ಮೇಡಮ್ಮಾರ, ನನ್ನ ಮಗಳು ಡಾಕ್ಟರ್ ಆಗಿಲ್ರಿ. ಏನೂ ಆಗಿಲ್ರಿ. ಅವಸರ ಮಾಡಿದಾವ ನಾನ್ರಿ."

ಇಷ್ಟು ದಿನ ಊರಿಗೆಲ್ಲ ಡಾಕ್ಟರ್ ಎಂದು ಸಾರಿದ ಬಾಯಿ ಅದು. ಭುವನೇಶ್ವರಿ ಅವನ ಮಾತನ್ನು ಹಾಗೇ ಇಂಗ್ಲಿಷಿನಲ್ಲಿ ಹೇಳಿದಳು. ಆ ಹೆಂಗಸು ಪಕ್ಕದಲ್ಲಿ ಕಾಣದ ಯಾರೊಂದಿಗೋ ತಮ್ಮ ಭಾಷೆಯಲ್ಲಿ ಏನೋ ಮಾತಾಡಿದಳು. ಆಮೇಲೆ, "ನಿಮ್ಮ ಪ್ರೊಫೆಸರರ ಪತ್ರವೂ ತಲುಪಿದೆ. ಸೋಮವಾರ ತಿಳಿಸುತ್ತೇವೆ," ಎಂದಳು. ಕರೆ ಕಡಿದುಹೋಯಿತು. ಅಂದು ಶುಕ್ರವಾರ.

"ಏನಂದ್ರವ್ವಾ? ಮಾರಿ ಮ್ಯಾಲೆ ನಗು ಇತ್ತೇನು?"

"ಗೊತ್ತಾಗಲಿಲ್ಲಪ್ಪಾ."

"ಕಿತ್ತಿಲ್ಲವ್ವಾ ನಾ, ಮುಚ್ಚೀನಿ ಅಷ್ಟ. ನೀ ಖರೇನ ಡಾಕ್ಟರ್ ಆಗಿ ಬಂದ ದಿನ ಒಂದು ಕೊಡ ನೀರು ಹಾಕಿದ್ರ ಮುಗೀತು."

ಅಷ್ಟರಲ್ಲಿ ಫ್ಲೆಕ್ಸಿನ ಮೇಲೆ ಪಟ್ ಎಂದು ಒಂದು ಹನಿ ಬಿತ್ತು. ಇನ್ನೊಂದು ಬಿತ್ತು. ಮಣ್ಣು ಒಂದು ಗೆರೆಯಾಗಿ ಜಾರಿ, ಒಳಗಿನಿಂದ ಅಕ್ಷರದ ತುದಿ ಇಣುಕಿತು. ಅಣವೀರಪ್ಪ ಆಕಾಶ ನೋಡಿದ, ಮಗಳ ಮುಖ ನೋಡಿದ. ಹಣ್ಣಿನ ಮೇಲಿನ ತಾಡಪತ್ರಿ ಎಳೆದುಕೊಂಡು ಮತ್ತೆ ಗಾಡಿ ಹತ್ತಿ, ಆ ಒಂದು ಪದಕ್ಕೆ ಹೊದಿಸಿ ಎರಡೂ ಕೈಯಿಂದ ಅದುಮಿ ಹಿಡಿದು ನಿಂತ. ಮಳೆ ಜೋರಾಯಿತು. ಕಾಲ ಬುಡದಲ್ಲಿ ಅವನ ಹಣ್ಣುಗಳೆಲ್ಲ ತೊಯ್ಯುತ್ತಿದ್ದವು.